ಪೊರಕೆ ಹಿಡಿದ ಶಿವ: ಆಜಾದ್ ಮೈದಾನದ ಒಂದು ನಾಟಕಚಿತ್ರದ ಪ್ರಕರಣ ಅಧ್ಯಯನ

ಮುಂಬಯಿಯ ಕೋಟೆ ಪ್ರದೇಶದಲ್ಲಿ ಹಲವು ದಶಕ ನಡೆದು ಈಗ ಮುಚ್ಚಿಹೋಗಿರುವ ಕನ್ನಡ ರಾತ್ರಿಶಾಲೆಯೊಂದರ ಹಳೆಯ ವಿದ್ಯಾರ್ಥಿಗಳು ಸ್ಮರಣ ಸಂಚಿಕೆ ತರಲು ನಿಶ್ಚಯಿಸಿದಾಗ, ಅದರ ಚಿತ್ರವಿಭಾಗವನ್ನು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂತು. ಕೈಸೇರಿದ ಚಿತ್ರಗಳಲ್ಲಿ ಬಹುಪಾಲು ಬೀಳ್ಕೊಡುಗೆ ಸಮಾರಂಭದವು. ಮುಂದೆ ಕುರ್ಚಿಯ ಸಾಲು, ಹಿಂದೆ ನಿಂತ ಹುಡುಗರ ಸಾಲು, ನಡುವೆ ಹಾರ ಹಾಕಿಸಿಕೊಂಡ ಹಿರಿಯರೊಬ್ಬರು. ನಾಟಕದ ಚಿತ್ರ ಒಂದೇ ಒಂದು ಬಂದಿತ್ತು. ಅದರ ಜೊತೆಗೆ ಅಡಿಬರಹವೂ ಸಿದ್ಧವಾಗಿಯೇ ಬಂದಿತ್ತು: ‘1942ರ ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ನಮ್ಮ ಶಾಲೆಯ ವಿದ್ಯಾರ್ಥಿಗಳು ಆಡಿದ ಬಯಲಾಟ, ಸತ್ಯ ಹರಿಶ್ಚಂದ್ರ.’ ಆ ಒಂದು ಸಾಲಿನಲ್ಲಿ ಇಸವಿ, ಆಟದ ಪ್ರಕಾರ, ನಾಟಕದ ಹೆಸರು ಮೂರೂ ತಪ್ಪಾಗಿದ್ದವು. ಅವು ತಪ್ಪೆಂದು ತಿಳಿದದ್ದು ಹೇಗೆ, ಅವುಗಳ ಜಾಗದಲ್ಲಿ ಏನನ್ನು ಎಷ್ಟರಮಟ್ಟಿಗೆ ಬರೆಯಲು ಸಾಧ್ಯವಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಒಂದು ಅಡಿಬರಹಕ್ಕಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಏಕೆ ವ್ಯಯಿಸಬೇಕು ಎಂದು ಸಮಿತಿಯಲ್ಲಿ ಕೆಲವರು ಕೇಳಿದರು. ಈ ಶಾಲೆಗೆ ಬರುತ್ತಿದ್ದವರು ಯಾರೆಂಬುದನ್ನು ನೆನೆದರೆ ಉತ್ತರ ಅಲ್ಲೇ ಇದೆ. ಹನ್ನೆರಡು ಹದಿಮೂರರ ವಯಸ್ಸಿಗೆ ದಕ್ಷಿಣ ಕನ್ನಡದ ಹಳ್ಳಿಗಳಿಂದ ಬಂದು ಉಡುಪಿ ಹೋಟೆಲುಗಳಲ್ಲಿ ಮೊದಲು ಕ್ಲೀನರ್, ಆಮೇಲೆ ಮಾಣಿ, ಅದೃಷ್ಟವಿದ್ದರೆ ಮುಂದೆ ಗಲ್ಲಾದಲ್ಲಿ ಕೂರುವ ಕೆಲಸಕ್ಕೆ ಏರಿದ ಹುಡುಗರು ಹಗಲೆಲ್ಲ ದುಡಿದು ಸಂಜೆ ಪಾಟಿಚೀಲ ಹಿಡಿದು ತರಗತಿಗೆ ಬರುತ್ತಿದ್ದರು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಸೀಮೆಗಳು ಮುಂಬಯಿ ರಾಜ್ಯಕ್ಕೇ ಸೇರಿದ್ದುದರಿಂದ ಆ ಕಡೆಯ ಹುಡುಗರೂ ಇಲ್ಲಿನ ಕಚೇರಿಗಳಲ್ಲಿ, ಗೋದಾಮುಗಳಲ್ಲಿ ಸಣ್ಣಪುಟ್ಟ ಕೆಲಸಕ್ಕಿದ್ದು ಇದೇ ಶಾಲೆಯಲ್ಲಿ ಓದಿದರು. ಇವರಲ್ಲಿ ಹೆಚ್ಚಿನವರ ಹರೆಯದ ಚಿತ್ರ ಎಂಬುದೇ ಎಲ್ಲಿಯೂ ಇಲ್ಲ. ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುವ ದುಡ್ಡು ಊರಿಗೆ ಮನಿಯಾರ್ಡರ್ ಆಗಿ ಹೋಗುತ್ತಿತ್ತು. ಉಳಿದಿರುವ ಒಂದೇ ಚಿತ್ರದ ಕೆಳಗೆ ತಪ್ಪು ಮುದ್ರಣವಾದರೆ, ಮುಂದೆ ಅದನ್ನು ತಿದ್ದಲು ಬೇರೊಂದು ದಾಖಲೆ ಸಿಗುವ ಸಂಭವ ಬಹಳ ಕಡಿಮೆ.

ಚಿತ್ರದಲ್ಲಿ ಕಾಣುವುದು

ಚಿತ್ರ ಪೋಸ್ಟ್‌ಕಾರ್ಡಿನಷ್ಟು ದೊಡ್ಡದು; ಸುತ್ತ ಬಿಳಿಯ ಅಂಚು, ಅಂಚಿನ ತುದಿ ಗರಗಸದ ಹಲ್ಲಿನಂತೆ ಕತ್ತರಿಸಿದ್ದು. ಕಾಗದ ದಪ್ಪನೆಯದು, ಹಿಂಬದಿ ಒರಟು. 1970ರ ದಶಕದಲ್ಲಿ ರೂಢಿಗೆ ಬಂದ ಪ್ಲಾಸ್ಟಿಕ್ ಲೇಪದ ಕಾಗದವಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಕಪ್ಪು ಭಾಗಗಳಲ್ಲಿ, ಅದರಲ್ಲೂ ಅಂಚಿನ ಕಡೆ, ನೀಲಿಬಣ್ಣದ ಲೋಹದ ಹೊಳಪು ಕಾಣುತ್ತದೆ. ಚಿತ್ರವನ್ನು ರೂಪಿಸಿರುವ ಬೆಳ್ಳಿಯ ಕಣಗಳು ವರ್ಷಗಳ ತೇವದಿಂದ ಮೇಲ್ಮೈಗೆ ಬಂದು ನಿಂತಾಗ ಹೀಗಾಗುತ್ತದೆ. ಮುಂಬಯಿಯ ಮಳೆಗಾಲಗಳನ್ನು ತಗಡಿನ ಟ್ರಂಕಿನಲ್ಲಿ ಕಳೆದ ಚಿತ್ರಕ್ಕೆ ಇದು ಸಹಜವೇ.

ನಡುವೆ ಹಾಸಿದ ಕಪ್ಪು ಜಮಖಾನೆಯ ಮೇಲೆ ಏಳು ಮಂದಿ ಹುಡುಗರಿದ್ದಾರೆ. ಮಧ್ಯದಲ್ಲಿ ನಿಂತವನ ಎದೆ, ತೋಳು, ಹಣೆಗೆ ಬಿಳಿಯ ಬೂದಿಯ ಪಟ್ಟೆ, ಕೊರಳಲ್ಲಿ ಹಗ್ಗ ಸುತ್ತಿ ಮಾಡಿದ ಹಾವು, ಬಲಗೈಯಲ್ಲಿ ನೆಲಕ್ಕೂರಿದ ಒಂದು ಉದ್ದ ಕೋಲು. ಅವನ ಎಡಕ್ಕೆ, ಎಂದರೆ ನೋಡುವ ನಮ್ಮ ಬಲಕ್ಕೆ, ಮುಂಡಾಸಿನವನೊಬ್ಬ, ಶಾಲು ಹೊದ್ದವನೊಬ್ಬ, ಅಂಗಿಯ ತೋಳು ಮಡಿಸಿದ ಇನ್ನೊಬ್ಬ. ಅವರ ಹಿಂದೆ ಇಬ್ಬರ ತಲೆಗಳು ಮಾತ್ರ ಕಾಣುತ್ತವೆ. ನಮ್ಮ ಎಡತುದಿಯಲ್ಲಿ, ಚಿತ್ರದ ಅಂಚಿಗೆ ತಾಗುವಂತೆ, ಮೊಣಕಾಲವರೆಗೆ ಬಟ್ಟೆ ಎತ್ತಿಕಟ್ಟಿದ ಹುಡುಗನೊಬ್ಬ ಸೊಂಟ ಬಗ್ಗಿಸಿ ನೆಲದ ಕಡೆ ನೋಡುತ್ತಿದ್ದಾನೆ. ಅವನ ಮುಖ ಅರ್ಧ ಮಾತ್ರ ಕಾಣುತ್ತದೆ, ಮುಂದಕ್ಕೆ ಚಾಚಿದ ಕೈ ಅಲುಗಿ ಮಸುಕಾಗಿದೆ. ಆ ಮಸುಕು ನನಗೆ ಬಹಳ ಮುಖ್ಯವೆನಿಸಿತು. ಕಡಿಮೆ ಬೆಲೆಯ ಪೆಟ್ಟಿಗೆ ಕ್ಯಾಮೆರಾಗಳಲ್ಲಿ ಕಣ್ಣು ತೆರೆದು ಮುಚ್ಚಲು ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಅವನ ಕೈ ಸರಿದಿದೆ. ನಾಟಕ ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರವಾಗಿದ್ದರೆ ಆ ಕೈ ಹೀಗೆ ಅಲುಗುತ್ತಿರಲಿಲ್ಲ. ನಾಟಕ ನಡೆಯುತ್ತಿರುವಾಗಲೇ ಯಾರೋ ಇದನ್ನು ತೆಗೆದಿದ್ದಾರೆ.

ನೋಡುಗರು ಮೂವತ್ತರ ಆಸುಪಾಸಿನಲ್ಲಿದ್ದಾರೆ. ಬಹುತೇಕರು ನೆಲದ ಮೇಲೆ ಕುಳಿತಿದ್ದಾರೆ, ನಾಲ್ಕೈದು ಹುಡುಗರ ಹೆಗಲ ಮೇಲೆ ಮೇಜು ಒರೆಸುವ ಬಟ್ಟೆ ಹಾಗೇ ಇದೆ. ಒಬ್ಬ ಮಾತ್ರ ನಿಂತಿದ್ದಾನೆ, ಅವನ ಕೈಯಲ್ಲಿ ಚಹಾದ ಕಿಟ್ಲಿ. ಆಫೀಸಿಗೆ ಚಹಾ ಒಯ್ಯುತ್ತಿದ್ದವನು ದಾರಿಯಲ್ಲಿ ನಿಂತುಬಿಟ್ಟಿರಬೇಕು. ಈ ಕಿಟ್ಲಿಯ ಹುಡುಗ ನಾಟಕದವನಲ್ಲ, ಬಹುಶಃ ಶಾಲೆಯವನೂ ಅಲ್ಲ. ಆದರೂ ಚಿತ್ರವನ್ನು ಕತ್ತರಿಸಿ ನಟರನ್ನಷ್ಟೇ ಅಚ್ಚುಮಾಡೋಣ ಎಂಬ ಸಲಹೆ ಬಂದಾಗ ನಾನು ಒಪ್ಪದೆ ಇದ್ದುದಕ್ಕೆ ಅವನೇ ಕಾರಣ.

ತಪ್ಪು ಹುಟ್ಟಿದ ಬಗೆ

ಚಿತ್ರದ ಒಡತಿ ಡೊಂಬಿವಿಲಿಯಲ್ಲಿರುವ ಒಬ್ಬ ಮಹಿಳೆ. ತೀರಿಕೊಂಡ ತಂದೆಯ ಟ್ರಂಕಿನಲ್ಲಿ, ಶಾಲೆ ಬಿಟ್ಟ ಪ್ರಮಾಣಪತ್ರದ ಜೊತೆಗೆ ಇದು ಸಿಕ್ಕಿತ್ತು. ನಮಗೆ ಮೊದಲು ಬಂದದ್ದು ಮೂಲಚಿತ್ರವಲ್ಲ, ವಾಟ್ಸಾಪಿನಲ್ಲಿ ಬಂದ ಪ್ರತಿ. ಅದೂ ಮನೆಯ ಹುಡುಗರು ಮೊಬೈಲಿನ ಆ್ಯಪ್ ಒಂದರಲ್ಲಿ ಹಾಕಿ ಬಣ್ಣ ಬಳಿದು, ಮಸುಕನ್ನು ತೆಗೆದು ‘ಸ್ಪಷ್ಟ’ ಮಾಡಿದ ಪ್ರತಿ. ನೋಡಲು ಅದು ಚೆಂದವಾಗಿಯೇ ಇತ್ತು. ಮಧ್ಯದ ಹುಡುಗ ಕೈಯಲ್ಲಿ ದಂಡ ಹಿಡಿದು ಬೂದಿ ಬಳಿದುಕೊಂಡು ನಿಂತಿದ್ದ, ಹಾಗಾಗಿ ಮಸಣ ಕಾಯುವ ಹರಿಶ್ಚಂದ್ರನೆಂದು ಯಾರಿಗಾದರೂ ತೋರುವಂತಿತ್ತು. ಎಡತುದಿಯ ಹುಡುಗನ ಅಲುಗಿದ ಕೈಯನ್ನು ಆ್ಯಪ್ ತನಗೆ ತೋಚಿದಂತೆ ತಿದ್ದಿ ಖಾಲಿ ಅಂಗೈಯನ್ನಾಗಿ ಮಾಡಿತ್ತು. ಅವನು ರಾಜನಿಗೆ ನಮಸ್ಕರಿಸುತ್ತಿರುವಂತೆ ಕಾಣುತ್ತಿದ್ದ.

ಮೂಲಚಿತ್ರವನ್ನು ನೋಡಲೇಬೇಕೆಂದು ಕೇಳಿಕೊಂಡು ನಾನು ಡೊಂಬಿವಿಲಿಗೆ ಹೋದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಕೋಲಿನ ಕೆಳತುದಿಯ ಮೇಲಿಟ್ಟು ನೋಡಿದಾಗ, ಕೋಲು ಅಲ್ಲಿಗೆ ಮುಗಿಯುವುದಿಲ್ಲವೆಂಬುದು ಕಾಣಿಸಿತು. ಅದರ ತುದಿ ಸಣ್ಣ ಸಣ್ಣ ಕಡ್ಡಿಗಳಾಗಿ ಒಡೆದು ಜಮಖಾನೆಯ ಮೇಲೆ ಬೀಸಣಿಗೆಯಂತೆ ಹರಡಿದೆ. ಕಪ್ಪಿನ ಮೇಲೆ ಕಂದಾಗಿ ಬಿದ್ದ ಆ ಕಡ್ಡಿಗಳನ್ನು ಆ್ಯಪ್ ಚಿತ್ರದ ದೋಷವೆಂದು ತಿಳಿದು ಅಳಿಸಿಹಾಕಿತ್ತು. ಮಧ್ಯದ ಹುಡುಗನ ಕೈಯಲ್ಲಿದ್ದದ್ದು ದಂಡವಲ್ಲ, ಉದ್ದ ಕೋಲಿಗೆ ಕಟ್ಟಿದ ಪೊರಕೆ.

ಆ ದಿನ ನಾನು ಅವರಿಗೆ ಇನ್ನೊಂದು ಪ್ರಶ್ನೆ ಕೇಳಿದೆ: ಇದು ಹರಿಶ್ಚಂದ್ರ ನಾಟಕ ಎಂದು ನಿಮಗೆ ಯಾರು ಹೇಳಿದರು, ಯಾವಾಗ? ತಂದೆಯ ಬಾಯಿಂದ ಕೇಳಿದ್ದೆಂದೇ ಅವರು ನಂಬಿದ್ದರು. ಯೋಚಿಸುತ್ತಾ ಹೋದಂತೆ, ತಂದೆ ಹೇಳುತ್ತಿದ್ದುದು ‘ಬಯಲಲ್ಲಿ ನಾವು ಮಾಡಿದ ನಾಟಕ’ ಎಂದಷ್ಟೇ, ಹರಿಶ್ಚಂದ್ರನ ಹೆಸರನ್ನು ಮೊದಲು ಹೇಳಿದ್ದು ಬಣ್ಣದ ಪ್ರತಿ ಕುಟುಂಬದ ಗುಂಪಿಗೆ ಬಂದ ದಿನ ಊರಿನಲ್ಲಿರುವ ಚಿಕ್ಕಪ್ಪ ಎಂಬುದು ಅವರಿಗೇ ನೆನಪಾಯಿತು. ಚಿಕ್ಕಪ್ಪ ಆ ನಾಟಕವನ್ನು ನೋಡಿದವರಲ್ಲ. ಅರುವತ್ತು ವರ್ಷಗಳ ಮನೆತನದ ನೆನಪೆಂದು ನಾವೆಲ್ಲ ಗೌರವಿಸಿದ್ದ ಮಾತಿನ ವಯಸ್ಸು ಎರಡು ವರ್ಷವೂ ಆಗಿರಲಿಲ್ಲ. ಹಳೆಯ ಚಿತ್ರಗಳ ವಿಷಯದಲ್ಲಿ ‘ಯಾರು ಹೇಳಿದರು’ ಎಂದು ಕೇಳುವವರಿದ್ದಾರೆ. ‘ಯಾವಾಗಿನಿಂದ ಹೇಳುತ್ತಿದ್ದಾರೆ’ ಎಂದೂ ಕೇಳಬೇಕೆಂದು ಈ ಪ್ರಕರಣದಿಂದ ನಾನು ಕಲಿತೆ.

ಇಸವಿ

1942 ಎಂಬ ಅಂಕಿ ಬಂದದ್ದು ಸಮಿತಿಯಿಂದ. ಆ ವರ್ಷದ ಆಗಸ್ಟ್ 8ರಂದು ಇದೇ ಊರಿನ ಗೋವಾಳಿಯಾ ಟ್ಯಾಂಕ್ ಮೈದಾನದಲ್ಲಿ ಚಲೇಜಾವ್ ನಿರ್ಣಯವಾದದ್ದು ಎಲ್ಲರಿಗೂ ತಿಳಿದದ್ದೇ. ಮೈದಾನ, ವಿದ್ಯಾರ್ಥಿಗಳು, ಹರಿಶ್ಚಂದ್ರನ ಸತ್ಯ ಇವೆಲ್ಲ ಒಂದಕ್ಕೊಂದು ಕೂಡಿಕೊಂಡು ಬಂದಾಗ ಇಸವಿಯೂ ತಾನಾಗಿ ಕೂಡಿಕೊಂಡಿತು. ಶಾಲೆಯ ಮೇಲಿನ ಅಭಿಮಾನದಿಂದಲೇ ಹುಟ್ಟಿದ ಊಹೆ ಇದು, ಅದರ ಹಿಂದಿನ ಮನಸ್ಸನ್ನು ನಾನು ತಪ್ಪೆನ್ನಲಾರೆ. ಆದರೆ ಚಿತ್ರ ಬೇರೆಯದನ್ನು ಹೇಳುತ್ತದೆ.

ನೋಡುಗರ ಹಿಂದೆ ರಸ್ತೆಯಂಚಿನಲ್ಲಿ ಒಂದು ಜಾಹೀರಾತು ಫಲಕವಿದೆ. ಅದರ ಅರ್ಧವನ್ನು ಒಂದು ಮರ ಮರೆಮಾಡಿದೆ, ಉಳಿದರ್ಧದಲ್ಲಿ ‘ಲೈಫ್ ಇನ್ಶೂರೆನ್ಸ್ ಕಾರ್ಪೊ’ ಎಂಬಷ್ಟು ಇಂಗ್ಲಿಷ್ ಅಕ್ಷರಗಳು ಓದಲು ಬರುತ್ತವೆ, ಪಕ್ಕದಲ್ಲಿ ದೀಪವನ್ನು ಕಾಯುವ ಎರಡು ಕೈಗಳ ಲಾಂಛನವೂ ಮಸುಕಾಗಿ ಕಾಣುತ್ತದೆ. ಭಾರತೀಯ ಜೀವ ವಿಮಾ ನಿಗಮ ಹುಟ್ಟಿದ್ದು 1956ರ ಸೆಪ್ಟೆಂಬರ್ 1ರಂದು, 245 ವಿಮಾ ಸಂಸ್ಥೆಗಳನ್ನು ಸರ್ಕಾರ ವಹಿಸಿಕೊಂಡು ಒಂದುಗೂಡಿಸಿದಾಗ. ಅದಕ್ಕೆ ಮೊದಲು ಈ ಹೆಸರಿನ ಫಲಕ ಇರುವ ಹಾಗೇ ಇಲ್ಲ. ಇದರಿಂದ 1942 ಬಿದ್ದುಹೋಯಿತು.

ಇನ್ನೊಂದು ಕಡೆಯ ಗಡಿಯನ್ನು ಕೊಟ್ಟದ್ದು ಫಲಕದ ಆಚೆ, ನೋಡುಗರ ತಲೆಗಳ ಮೇಲೆ ಕಾಣುವ ಎರಡಂತಸ್ತಿನ ವಾಹನದ ಮೇಲ್ಭಾಗ. ಮೊದಲ ನೋಟಕ್ಕೆ ನಾನು ಅದನ್ನು ಡಬಲ್ ಡೆಕ್ಕರ್ ಬಸ್ಸೆಂದುಕೊಂಡಿದ್ದೆ. ಚಾವಣಿಯಿಂದ ಓರೆಯಾಗಿ ಮೇಲೆದ್ದು ತಂತಿಯನ್ನು ಮುಟ್ಟುವ ಕಂಬಿ ಕಣ್ಣಿಗೆ ಬಿದ್ದಮೇಲೆ ಅದು ಟ್ರಾಮ್ ಎಂಬುದು ಸ್ಪಷ್ಟವಾಯಿತು. ಮುಂಬಯಿಯ ಕೊನೆಯ ಟ್ರಾಮ್ ಬೋರಿಬಂದರಿನಿಂದ ದಾದರಿಗೆ ಓಡಿದ್ದು 1964ರ ಮಾರ್ಚ್ 31ರ ರಾತ್ರಿ. ಹಾಗಾಗಿ ಚಿತ್ರ ತೆಗೆದದ್ದು 1956ರ ಸೆಪ್ಟೆಂಬರಿನಿಂದ ಈಚೆಗೆ, 1964ರ ಮಾರ್ಚ್ ಮುಗಿಯುವ ಮೊದಲು.

ಚಿತ್ರದ ಹಿಂಬದಿ ಇದನ್ನೇ ಬೇರೆ ದಾರಿಯಿಂದ ಬೆಂಬಲಿಸಿತು. ಅಲ್ಲಿ ಎರಡು ಕೈಗಳ ಪೆನ್ಸಿಲ್ ಬರಹವಿದೆ. ಮೂಲೆಯಲ್ಲಿ ಅಂಗಡಿಯವನ ಅವಸರದ ಅಕ್ಷರ: ‘3 ಪ್ರತಿ, 37 ನ.ಪೈ.’ ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಂದು. ಹಳೆಯ ಪೈಸೆಯಿಂದ ಬೇರೆಯೆಂದು ತಿಳಿಯಲು ಅದನ್ನು ನಯಾ ಪೈಸೆ ಎನ್ನುತ್ತಿದ್ದರು, 1964ರ ಜೂನ್ 1ರಿಂದ ‘ನಯಾ’ ಬಿಟ್ಟುಹೋಯಿತು. 37 ಎಂಬ ಬೆಸಸಂಖ್ಯೆಯ ಬೆಲೆ ಈಗಿನವರಿಗೆ ವಿಚಿತ್ರವಾಗಿ ಕಾಣಬಹುದು. ರೂಪಾಯಿಗೆ ಹದಿನಾರಾಣೆಯಿದ್ದ ಹಳೆಯ ಲೆಕ್ಕದ ಆರಾಣೆಯ ಪರಿವರ್ತನೆ ಅದು. ಅಂಗಡಿಯವನು ಹಳೆಯ ದರವನ್ನೇ ಹೊಸ ನಾಣ್ಯಕ್ಕೆ ಇಳಿಸಿಕೊಂಡಿದ್ದಾನೆ, ಹಾಗಾಗಿ ಹೊಸ ನಾಣ್ಯ ಬಂದ ಮೊದಲ ವರ್ಷಗಳ ಪ್ರತಿ ಇದಾಗಿರುವ ಸಂಭವ ಹೆಚ್ಚು. ಆದರೆ ಈ ಬರಹ ಹೇಳುವುದು ಪ್ರತಿ ಹಾಕಿಸಿದ ಕಾಲವನ್ನೇ ಹೊರತು ಚಿತ್ರ ತೆಗೆದ ಕಾಲವನ್ನಲ್ಲ. ನೆಗೆಟಿವ್ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದು ಆಮೇಲೆ ಪ್ರತಿ ಹಾಕಿಸಿರಬಹುದಾದ್ದರಿಂದ ಇದರ ಮೇಲೆ ಹೆಚ್ಚು ಭಾರ ಹಾಕಲಿಲ್ಲ.

ಎರಡನೆಯ ಬರಹ ದುಂಡಾದ ಶಾಲಾ ಅಕ್ಷರದ್ದು. ‘ಬಯಲ’ ಎಂಬಲ್ಲಿಯವರೆಗೆ ಓದಲು ಬರುತ್ತಿತ್ತು, ಮುಂದೆ ಅಂಟಿನ ಕಲೆ. ಸಮಿತಿಯಲ್ಲಿದ್ದ ಕರಾವಳಿಯವರು ಅದನ್ನು ‘ಬಯಲಾಟ’ವೆಂದೇ ಓದಿದರು. ಅವರ ಪಾಲಿಗೆ ಬಯಲಾಟವೆಂದರೆ ಯಕ್ಷಗಾನ. ಧಾರವಾಡದ ಕಡೆಯವರಿಗಾದರೋ ದೊಡ್ಡಾಟ, ಸಣ್ಣಾಟ. ಚಿತ್ರದಲ್ಲಿ ಕೇದಗೆ ಮುಂದಲೆಯಾಗಲಿ ಕಿರೀಟವಾಗಲಿ ಇಲ್ಲ, ಚೆಂಡೆ ಮದ್ದಳೆಯವರಿಲ್ಲ, ಭಾಗವತರಿಲ್ಲ. ಬಯಲಿನಲ್ಲಿ ಆಡಿದ್ದಾರೆ ಎಂಬುದನ್ನು ಬಿಟ್ಟರೆ ಬಯಲಾಟದ ಲಕ್ಷಣ ಒಂದೂ ಇಲ್ಲ. ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ಕಾಗದಕ್ಕೆ ಬಹುತೇಕ ಸಮವಾಗಿ ಮಲಗಿಸಿ ಹಿಡಿದಾಗ, ಅಳಿಸಿಹೋದ ಪೆನ್ಸಿಲಿನ ಒತ್ತು ಕಾಗದದಲ್ಲಿ ಗೆರೆಯಾಗಿ ಉಳಿದಿದ್ದುದು ನೆರಳಾಗಿ ಎದ್ದುಬಂತು. ‘ಬಯಲ’ ಆದಮೇಲೆ ಒಂದು ಅಕ್ಷರದಷ್ಟು ಜಾಗ, ಆಮೇಲೆ ‘ನಾ’. ಇದು ‘ಬಯಲ ನಾಟಕ’ ಎಂದೇ ಇರಬೇಕು.

ಜಾಗ ಮತ್ತು ಹೊತ್ತು

ಚಿತ್ರದ ಮೇಲುಭಾಗದಲ್ಲಿ, ಮರಗಳ ಹಿಂದೆ, 1893ರಲ್ಲಿ ಪೂರ್ಣಗೊಂಡ ಮುಂಬಯಿ ಮಹಾನಗರಪಾಲಿಕೆಯ ಕಟ್ಟಡದ ಗೋಪುರ ಕಾಣುತ್ತದೆ. ಆದ್ದರಿಂದ ಜಾಗ ಆಜಾದ್ ಮೈದಾನ ಎಂಬುದರಲ್ಲಿ ಅನುಮಾನವಿರಲಿಲ್ಲ. ನಟರ ನೆರಳುಗಳು ಕ್ಯಾಮೆರಾದಿಂದ ದೂರಕ್ಕೆ, ಹೆಚ್ಚುಕಡಿಮೆ ಆ ಗೋಪುರದ ದಿಕ್ಕಿಗೇ ಚಾಚಿರುವುದು ನನ್ನ ಗಮನ ಸೆಳೆಯಿತು. ಗೋಪುರ ಮೈದಾನದ ಈಶಾನ್ಯಕ್ಕಿದೆ. ನೆರಳು ಅತ್ತ ಬೀಳಬೇಕಾದರೆ ಸೂರ್ಯ ನೈಋತ್ಯದಲ್ಲಿರಬೇಕು. ಮುಂಬಯಿ 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯನೂ ಉತ್ತರಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ಗೋಪುರದತ್ತ ತಿರುಗುವುದೇ ಇಲ್ಲ.

ಲೆಕ್ಕವನ್ನು ಕಾಗದದ ಮೇಲಷ್ಟೇ ನಂಬದೆ, ಜನವರಿಯ ಒಂದು ಭಾನುವಾರ ಕಾಲೇಜು ವಿದ್ಯಾರ್ಥಿಯೊಬ್ಬನನ್ನು ಕರೆದುಕೊಂಡು ಚಿತ್ರದ ಪ್ರತಿಯೊಂದಿಗೆ ಮೈದಾನಕ್ಕೆ ಹೋದೆ. ಕ್ರಿಕೆಟ್ ಆಡುವವರ ನಡುವೆ ಜಾಗ ಹುಡುಕಿಕೊಂಡು, ಗೋಪುರ ಚಿತ್ರದಲ್ಲಿರುವಷ್ಟೇ ಕಾಣುವ ಕಡೆ ಅವನನ್ನು ಒಂದು ಕೋಲು ಕೊಟ್ಟು ನಿಲ್ಲಿಸಿದೆ. ಎರಡು ಗಂಟೆಗೆ ಅವನ ನೆರಳು ಗೋಪುರದ ಎಡಕ್ಕೆ ಬಹಳ ದೂರದಲ್ಲಿತ್ತು. ನಾಲ್ಕು ಗಂಟೆ ಸಮೀಪಿಸಿದಾಗ ಅದು ಗೋಪುರದತ್ತ ತಿರುಗಿ, ಅವನ ಎತ್ತರಕ್ಕಿಂತ ಒಂದೂವರೆ ಪಟ್ಟಿಗೂ ಉದ್ದವಾಗಿ ಚಾಚಿತು. ಆಗ ತೆಗೆದ ಚಿತ್ರವನ್ನು ಹಳೆಯದರ ಪಕ್ಕಕ್ಕಿಟ್ಟರೆ ನೆರಳಿನ ದಿಕ್ಕು, ಉದ್ದ ಎರಡೂ ಹೊಂದಿದವು. ಸೆಪ್ಟೆಂಬರಿನಲ್ಲಿ ಮೋಡ ಬಿಟ್ಟ ಒಂದು ದಿನ ಮತ್ತೆ ಹೋಗಿ ನೋಡಿದಾಗ, ನೆರಳು ಗೋಪುರದತ್ತ ತಿರುಗುವ ಹೊತ್ತಿಗೆ ಸೂರ್ಯ ಇನ್ನೂ ಮೇಲಿದ್ದ, ನೆರಳು ಆಳಿಗಿಂತ ಗಿಡ್ಡವಾಗಿತ್ತು. ಹಾಗಾಗಿ ಚಿತ್ರ ಚಳಿಗಾಲದ್ದು, ಅಂದರೆ ನವೆಂಬರಿನಿಂದ ಫೆಬ್ರವರಿಯೊಳಗಿನದು. ಹೊತ್ತು ಮೂರೂವರೆಯಿಂದ ನಾಲ್ಕೂವರೆಯ ನಡುವಿನದು.

ರಾತ್ರಿಶಾಲೆಯ ಹುಡುಗರು ಹಾಡಹಗಲಲ್ಲಿ ಮೈದಾನದಲ್ಲಿ ನಾಟಕ ಆಡಿದ್ದೇಕೆ ಎಂಬ ಪ್ರಶ್ನೆಗೂ ಇದೇ ಉತ್ತರ ಕೊಟ್ಟಿತು. ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ, ಹಗಲು ಬೇರೊಂದು ಶಾಲೆ ನಡೆಯುತ್ತಿದ್ದ ಕೋಣೆಗಳನ್ನು ಸಂಜೆ ಬಳಸುತ್ತಿದ್ದರು. ರಂಗಮಂಚದ ಮಾತಂತೂ ದೂರ. ಹೋಟೆಲುಗಳಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ತಿಂಡಿಯ ಗಿರಾಕಿಗಳು ಬರುವ ಮುನ್ನ ಹುಡುಗರಿಗೆ ಬಿಡುವು ಸಿಗುತ್ತಿದ್ದುದು ಈ ಹೊತ್ತಿನಲ್ಲೇ. ಹೆಗಲ ಮೇಲಿನ ಒರೆಸುವ ಬಟ್ಟೆಯನ್ನು ತೆಗೆದಿಡಲೂ ವ್ಯವಧಾನವಿಲ್ಲದೆ ಅವರು ಓಡಿಬಂದಿರಬೇಕು.

ಎರಡು ಪೊರಕೆ

ನಾಟಕ ಯಾವುದೆಂದು ತಿಳಿಯಲು ಶಾಲೆಯ ಇಬ್ಬರು ಹಳೆಯ ವಿದ್ಯಾರ್ಥಿಗಳನ್ನು ಬೇರೆಬೇರೆ ದಿನ ಭೇಟಿಯಾದೆ. ಇಬ್ಬರೂ ಎಂಬತ್ತರ ಆಸುಪಾಸಿನವರು, ಒಬ್ಬರು ಉಡುಪಿಯ ಕಡೆಯವರು, ಇನ್ನೊಬ್ಬರು ಧಾರವಾಡದ ಕಡೆಯವರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಲಿಲ್ಲ. ಅಡಿಬರಹವನ್ನು ತೋರಿಸಲಿಲ್ಲ, ‘ಇದು ಹರಿಶ್ಚಂದ್ರವೇ’ ಎಂದೂ ಕೇಳಲಿಲ್ಲ. ದೊಡ್ಡದಾಗಿ ಹಾಕಿಸಿದ ಪ್ರತಿಯನ್ನು ಕೈಗೆ ಕೊಟ್ಟು ಅವರಾಗಿಯೇ ಮಾತಾಡುವವರೆಗೆ ಕಾದೆ. ವಯಸ್ಸಾದವರ ಮುಂದೆ ಉತ್ತರವನ್ನಿಟ್ಟು ಪ್ರಶ್ನೆ ಕೇಳಿದರೆ, ಬಂದವರ ಮನಸ್ಸು ನೋಯಬಾರದೆಂದು ಹೌದೆಂದುಬಿಡುವುದು ನಮ್ಮಲ್ಲಿ ಸಾಮಾನ್ಯ.

ಉಡುಪಿಯವರು ಬಹಳ ಹೊತ್ತು ನೋಡಿ, ನಾನು ಮೂಲಚಿತ್ರದಲ್ಲಿ ಕೂಡ ಸರಿಯಾಗಿ ಗುರುತಿಸದೆ ಬಿಟ್ಟಿದ್ದ ಎಡತುದಿಯ ಬಗ್ಗಿದ ಹುಡುಗನ ಮೇಲೆ ಬೆರಳಿಟ್ಟರು. “ಇವನ ಕೈಯಲ್ಲಿ ಹಿಡಿಸೂಡಿ ಉಂಟಲ್ಲ ಮಾರಾಯ್ರೆ, ನಮ್ಮ ಹೋಟ್ಲಿಂದ ನಾನೇ ತಂದದ್ದು ಅದು.” ನಾಟಕದ ಹೆಸರು ಅವರಿಗೆ ನೆನಪಿರಲಿಲ್ಲ. ಕೊನೆಗೆ ಶಿವನೇ ಗುಡಿಸಲಿಕ್ಕೆ ಬರುತ್ತಾನೆ ಎಂಬುದು ನೆನಪಿತ್ತು, ಅದು ಗಣೇಶ ಹಬ್ಬದ ಸಮಯವೆಂದರು. ಧಾರವಾಡದವರು ಮೊದಲು ನೋಡಿದ್ದು ಮಧ್ಯದವನನ್ನು. “ಆ ಉದ್ದನ್ನ ಕಸಬರಿಗಿ ಐತಲ್ರಿ, ಅದನ್ನ ರಸ್ತೆ ಗುಡಸೋ ಮುನಸಿಪಾಲ್ಟಿ ಮಂದಿ ಕಡೆಯಿಂದ ಇಸ್ಕೊಂಡು ಬಂದಿದ್ವಿ. ‘ಜಲಗಾರ’ ನಾಟಕ ರೀ ಅದು. ರಾಜ್ಯೋತ್ಸವದಾಗ ಮಾಡಿದ್ದು.” ಹಗಲು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ರಾತ್ರಿ ಪಾಠ ಹೇಳುತ್ತಿದ್ದ ಮಾಸ್ತರರೊಬ್ಬರು ನಾಟಕ ಕಲಿಸಿದ್ದರೆಂದೂ ಅವರು ಹೇಳಿದರು.

ಹೋಟೆಲಿನಿಂದ ತಂದ ಪೊರಕೆ ಎಂದು ಒಬ್ಬರು, ಮುನಿಸಿಪಾಲಿಟಿಯವರಿಂದ ಇಸಿದುಕೊಂಡದ್ದೆಂದು ಇನ್ನೊಬ್ಬರು. ಇಬ್ಬರಲ್ಲಿ ಒಬ್ಬರ ನೆನಪು ತಪ್ಪಿರಬೇಕೆಂದುಕೊಂಡು ಮನೆಗೆ ಬಂದು ಮೂಲದ ಸ್ಕ್ಯಾನನ್ನು ಮತ್ತೆ ತೆರೆದು ನೋಡಿದೆ. ಬಗ್ಗಿದ ಹುಡುಗನ ಕೈಯ ಮುಂದಿನ ಮಸುಕು ಬರೀ ಕೈಯದಾಗಿರಲಿಲ್ಲ. ಅದರ ಕೆಳಗೆ ಗಿಡ್ಡನೆಯ ಹಿಡಿಸೂಡಿಯ ಕಟ್ಟು, ಬೀಸಿನಲ್ಲಿ ಹರಡಿಕೊಂಡ ಕಡ್ಡಿಗಳು ಒಂದು ಬೂದುಬಣ್ಣದ ರೆಕ್ಕೆಯಂತೆ ಬಿದ್ದಿದ್ದವು. ಚಿತ್ರದಲ್ಲಿ ಪೊರಕೆ ಎರಡಿದ್ದವು, ಒಂದು ಅಡುಗೆಮನೆ ಗುಡಿಸುವುದು, ಒಂದು ರಸ್ತೆ ಗುಡಿಸುವುದು. ಇಬ್ಬರು ಹಿರಿಯರೂ ತಾವು ತಂದದ್ದನ್ನು ಸರಿಯಾಗಿಯೇ ನೆನಪಿಟ್ಟಿದ್ದರು.

1928ರಲ್ಲಿ ಪ್ರಕಟವಾದ ಕುವೆಂಪು ಅವರ ‘ಜಲಗಾರ’ದಲ್ಲಿ ಊರ ಜನ ಶಿವನ ಗುಡಿಗೆ ಹೊರಟಿರುವಾಗ ಗುಡಿಯೊಳಗೆ ಪ್ರವೇಶವಿಲ್ಲದ ಜಲಗಾರ, ಎಂದರೆ ಜಾಡಮಾಲಿಯೊಬ್ಬ, ಬೀದಿ ಗುಡಿಸುತ್ತಿರುತ್ತಾನೆ, ಕೊನೆಯಲ್ಲಿ ಶಿವನೇ ಜಲಗಾರನಾಗಿ ಅವನ ಮುಂದೆ ಕಾಣಿಸಿಕೊಳ್ಳುತ್ತಾನೆ. ಶಿವನ ವೇಷ ಮತ್ತು ಪೊರಕೆ ಒಟ್ಟಿಗೆ ಒಂದೇ ಹುಡುಗನ ಮೈಮೇಲೆ ಕಾಣುವುದಕ್ಕೆ ಇದಕ್ಕಿಂತ ಹೊಂದುವ ವಿವರಣೆ ಇಲ್ಲ. ಮುಂಡಾಸಿನವನು ರೈತ, ಶಾಲು ಹೊದ್ದವನು ಪಾರ್ವ (ಬ್ರಾಹ್ಮಣ) ಎಂದು ಊಹಿಸಲೂ ಅಡ್ಡಿಯಿಲ್ಲ. ಹಗಲು ಹೋಟೆಲಿನ ನೆಲ ಗುಡಿಸುವ ಹುಡುಗರು ಬಿಡುವಿನ ಎರಡು ತಾಸಿನಲ್ಲಿ ಅದೇ ಹಿಡಿಸೂಡಿಯನ್ನು ತಂದು ಮಹಾನಗರಪಾಲಿಕೆಯ ಕಟ್ಟಡದ ಎದುರು ಈ ನಾಟಕ ಆಡಿದರೆಂಬುದು ನನಗೆ 1942ರ ಯಾವ ಕಥೆಗಿಂತಲೂ ದೊಡ್ಡದಾಗಿ ಕಾಣುತ್ತದೆ, ಇದನ್ನು ಸಮಿತಿಯ ಮುಂದೆಯೂ ಹೇಳಿದ್ದೇನೆ.

ಸಂದರ್ಭದ ವಿಷಯದಲ್ಲಿ ಇಬ್ಬರ ಮಾತೂ ಕೂಡಲಿಲ್ಲ. ಗಣೇಶ ಹಬ್ಬಕ್ಕೆ ನೆರಳು ಒಪ್ಪುವುದಿಲ್ಲ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಒಪ್ಪುತ್ತದೆ. ಆದರೆ ಅದೇ ನೆರಳು ಜನವರಿ 26ಕ್ಕೂ ಒಪ್ಪುತ್ತದೆ. ಒಬ್ಬರ ನೆನಪಿನ ಮೇಲೆ ರಾಜ್ಯೋತ್ಸವವೆಂದು ಅಚ್ಚುಹಾಕಲು ಮನಸ್ಸು ಬರಲಿಲ್ಲ.

ಬಗ್ಗಿದ ಹುಡುಗ

ಮಧ್ಯದ ಶಿವನೇ ತಮ್ಮ ತಂದೆ ಎಂದು ಆ ಮಹಿಳೆ ನಂಬಿದ್ದರು. ಉಡುಪಿಯ ಹಿರಿಯರು ಅವರ ತಂದೆಯ ಹೆಸರನ್ನು ತಾವಾಗಿಯೇ ಹೇಳಿ, ಅವನು ಮಧ್ಯದವನಲ್ಲ, ಎಡತುದಿಯಲ್ಲಿ ಗುಡಿಸುವವನು ಎಂದರು. ಒಬ್ಬರ ಮಾತಿನಿಂದ ಮಗಳ ನಂಬಿಕೆಯನ್ನು ಕೆಡಿಸುವುದು ನನಗೆ ಕಷ್ಟವಾಯಿತು. ಅರ್ಧಮುಖವನ್ನು ಇಟ್ಟುಕೊಂಡು ಹೋಲಿಕೆ ಹುಡುಕುವುದರಲ್ಲೂ ಅರ್ಥವಿರಲಿಲ್ಲ. ಆದರೆ ಬಗ್ಗಿದ ಹುಡುಗ ಹಿಡಿಸೂಡಿಯನ್ನು ಎಡಗೈಯಲ್ಲಿ ಹಿಡಿದಿದ್ದ. ನೆಗೆಟಿವನ್ನು ತಿರುಗಿಸಿಟ್ಟು ಪ್ರತಿ ಹಾಕಿದರೆ ಬಲಗೈ ಎಡಗೈಯಾಗುವುದುಂಟು. ಹಿಂದಿನ ಫಲಕದ ಅಕ್ಷರಗಳು ನೇರವಾಗಿ ಓದಲು ಬರುವುದರಿಂದ ಇಲ್ಲಿ ಹಾಗಾಗಿಲ್ಲ. ಕಾರಣ ಹೇಳದೆ, ನಿಮ್ಮ ತಂದೆ ಯಾವ ಕೈಯಲ್ಲಿ ಬರೆಯುತ್ತಿದ್ದರು ಎಂದಷ್ಟೇ ಫೋನಿನಲ್ಲಿ ಕೇಳಿದೆ. “ಊಟಕ್ಕೆ ಮಾತ್ರ ಬಲಗೈ ಸರ್, ಉಳಿದದ್ದೆಲ್ಲ ಎಡಗೈಯೇ. ಯಾಕೆ?” ಎಂದರು.

ಮುಂದಿನ ಭಾನುವಾರ ಹೋಗಿ ಎಲ್ಲವನ್ನೂ ಅವರ ಮುಂದಿಟ್ಟೆ. ಅವರು ಭೂತಗನ್ನಡಿಯನ್ನು ತೆಗೆದುಕೊಂಡು ಎಡತುದಿಯನ್ನು ನೋಡುತ್ತಾ ಬಹಳ ಹೊತ್ತು ಕುಳಿತರು. ಸಮಿತಿಯಲ್ಲಿ ಒಬ್ಬರು, ಮನೆಯವರಿಗೆ ಮುಜುಗರವಾದೀತು, ‘ಜಾಡಮಾಲಿಯ ಪಾತ್ರ’ ಎಂಬ ಮಾತನ್ನು ಬಿಟ್ಟುಬಿಡೋಣ ಎಂದಿದ್ದರು. ಅದನ್ನೂ ಮುಚ್ಚಿಡದೆ ಹೇಳಿದೆ. “ಬರೀರಿ ಸರ್,” ಎಂದರು. “ಅಪ್ಪ ಇದನ್ನು ಸರ್ಟಿಫಿಕೇಟಿನ ಜೊತೆಗೆ ಇಟ್ಟುಕೊಂಡಿದ್ದರಲ್ಲ.”

ಮೂಲಚಿತ್ರವನ್ನು ಲ್ಯಾಮಿನೇಷನ್ ಮಾಡಿಸಬೇಕೆಂದಿದ್ದ ಅವರ ಆಲೋಚನೆಯನ್ನು ಬಿಡಿಸಿದೆ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಬಾರದು. ಹಿಂಬದಿಯ ಪೆನ್ಸಿಲಿನ ಒತ್ತುಗೆರೆಯೂ ಅದರೊಂದಿಗೆ ಹೋಗುತ್ತದೆ. 600 ಡಿಪಿಐಗಿಂತ ಕಡಿಮೆಯಾಗದಂತೆ ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ, ಮೂಲವನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಟ್ರಂಕಿನಿಂದ ತೆಗೆದು ಗೋಡೆಗೆ ತಾಗದ ಒಣಕಪಾಟಿನಲ್ಲಿ ಇರಿಸಲಾಯಿತು. ವಿವರಗಳನ್ನು ಲಕೋಟೆಯ ಮೇಲೆ, ಚಿತ್ರ ಒಳಗೆ ಸೇರುವ ಮುನ್ನ, ಮೆದುವಾದ ಪೆನ್ಸಿಲಿನಲ್ಲಿ ಬರೆದೆವು.

ಸಂಚಿಕೆಯಲ್ಲಿ ಕತ್ತರಿಸದೆ, ಬಣ್ಣ ಬಳಿಯದೆ ಅಚ್ಚಾದ ಚಿತ್ರದ ಕೆಳಗೆ ಹೀಗಿದೆ: ‘ಆಜಾದ್ ಮೈದಾನದಲ್ಲಿ ಶಾಲೆಯ ವಿದ್ಯಾರ್ಥಿಗಳ ನಾಟಕ, ಕುವೆಂಪು ಅವರ ಜಲಗಾರ. 1956ರಿಂದ 1964ರ ನಡುವಿನ ಒಂದು ಚಳಿಗಾಲದ ಮಧ್ಯಾಹ್ನ. ಎಡತುದಿಯಲ್ಲಿ ಜಾಡಮಾಲಿಯ ಪಾತ್ರದಲ್ಲಿರುವವರನ್ನು ಸಹಪಾಠಿಯೊಬ್ಬರು ಗುರುತಿಸಿದ್ದಾರೆ. ಶಿವ ಮತ್ತು ಉಳಿದ ಐವರ ಹೆಸರು ತಿಳಿದವರು ದಯವಿಟ್ಟು ತಿಳಿಸಬೇಕು.’ ಆ ಎಡತುದಿಯವರ ಹೆಸರು ಸಂಚಿಕೆಯಲ್ಲಿದೆ. ಇಲ್ಲಿ ಬರೆಯುವ ಅಗತ್ಯವಿಲ್ಲ.

ಸಂಚಿಕೆ ಹಂಚಿ ಎರಡು ತಿಂಗಳಾದ ಮೇಲೆ ಕಾರ್ಕಳದ ಕಡೆಯಿಂದ ಒಂದು ಕರೆ ಬಂತು. ಮುಂಡಾಸು ಕಟ್ಟಿದವರು ತಮ್ಮ ದೊಡ್ಡಪ್ಪನೆಂದೂ, ಇದೇ ಚಿತ್ರದ ಇನ್ನೊಂದು ಪ್ರತಿ ಊರಮನೆಯಲ್ಲಿದೆಯೆಂದೂ, ಅದರ ಹಿಂದೆ ಶಾಯಿಯಲ್ಲಿ ನಾಲ್ಕೈದು ಸಾಲು ಬರೆದಿದೆಯೆಂದೂ ಹೇಳಿದರು. ನಮ್ಮ ಪ್ರತಿಯ ಮೂಲೆಯಲ್ಲಿ ಅಂಗಡಿಯವನು ಬರೆದಿದ್ದುದು ‘3 ಪ್ರತಿ’ ಎಂದು. ಆ ಸಾಲುಗಳನ್ನು ಫೋನಿನಲ್ಲಿ ಓದಿ ಹೇಳಬೇಡಿ, ನಾನೇ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಅದನ್ನು ಚೌಕಟ್ಟಿಗೆ ಹಾಕಿಸಬೇಡಿ ಎಂದು ಕೇಳಿಕೊಂಡಿದ್ದೇನೆ.